ಸಾಯದವನ ಲೆಕ್ಕ ಯಾವ ಕಡತದಲ್ಲಿದೆ?

ಗೆ,
ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ಮೈಸೂರು

ಮಾನ್ಯರೇ,

ನಂಜನಗೂಡು–ತಿ.ನರಸೀಪುರ ರಸ್ತೆಯಲ್ಲಿ ಸೈಕಲ್ ತುಳಿದು ಶಾಲೆಗೆ ಹೋಗಿಬರುವ ಹೈಸ್ಕೂಲ್ ಮೇಷ್ಟರು ನಾನು. ನಿಮ್ಮ ಸಮಿತಿಯ ಮುಂದೆ ‘ಬ್ಲ್ಯಾಕ್ ಸ್ಪಾಟ್’ಗಳ ಪಟ್ಟಿ ಬರುತ್ತದಲ್ಲ, ಅದಕ್ಕೆ ಒಂದು ಜಾಗ ಸೇರಬೇಕಾದರೆ ಕೇಂದ್ರ ಸಾರಿಗೆ ಸಚಿವಾಲಯ ಒಂದು ಅಳತೆ ಇಟ್ಟಿದೆ. ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತ ಆಗಿರಬೇಕು, ಇಲ್ಲವೇ ಹತ್ತು ಜನ ಸತ್ತಿರಬೇಕು. ನಾನು ಸತ್ತಿಲ್ಲ. ಕೈಕಾಲೂ ಮುರಿದಿಲ್ಲ. ಹಾಗಾಗಿ ನನ್ನ ಮೈಮೇಲೆ ಬಂದ ಕಬ್ಬಿನ ಟ್ರ್ಯಾಕ್ಟರ್ ನಿಮ್ಮ ಯಾವ ಕಡತದಲ್ಲೂ ಇಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳುವುದಕ್ಕೇ ಈ ಪತ್ರ.

ಆದದ್ದು ಇಷ್ಟು. ಸಂಜೆ ಶಾಲೆ ಬಿಟ್ಟು ಬರುತ್ತಿದ್ದೆ. ಹಿಂದಿನಿಂದ ಟ್ರ್ಯಾಕ್ಟರ್ ಹಾರನ್ ಹೊಡೆಯಿತು, ಎದುರಿನಿಂದ ಬಸ್ಸು. ಎಡಕ್ಕೆ ಸರಿದುಕೊಂಡೆ. ಟ್ರ್ಯಾಕ್ಟರ್ ದಾಟಿತು, ಅದರ ಟ್ರೈಲರೂ ದಾಟಿತು. ಸದ್ಯ, ಮುಗಿಯಿತಲ್ಲ ಎಂದು ಹ್ಯಾಂಡಲ್ ಬಲಕ್ಕೆ ತಿರುಗಿಸುವುದಕ್ಕೂ ಎರಡನೇ ಟ್ರೈಲರ್ ಬರುವುದಕ್ಕೂ ಸರಿಹೋಯಿತು. ಬಸ್ಸಿಗೆ ಜಾಗ ಬಿಡಲು ಚಾಲಕ ಎಡಕ್ಕೆ ಎಳೆದಿದ್ದ. ಮುಂದಿನದು ಒಂದು ಗೇಣು ಬಂದರೆ ಕೊನೆಯದು ತೂಗಾಡಿಕೊಂಡು ಮೊಳದಷ್ಟು ಬರುತ್ತದೆ. ಹಲಗೆಯಾಚೆಗೆ ಚಾಚಿದ್ದ ಕಬ್ಬಿನ ಜಲ್ಲೆಗಳು ನನ್ನ ಭುಜದಿಂದ ಮೊಣಕೈವರೆಗೆ ಅಂಗಿಯನ್ನು ಸೀಳಿಕೊಂಡು ಹೋದವು. ಕೆಳಗಿಳಿಯೋಣವೆಂದರೆ ಡಾಂಬರಿಗೂ ಮಣ್ಣಿಗೂ ಅರ್ಧ ಅಡಿ ತಗ್ಗು. ಮುಂದಿನ ಚಕ್ರ ಅಲ್ಲಿಗೆ ಜಾರಿ ನಾನು ಲಂಟಾನ ಪೊದೆಯ ಮೇಲೆ ಬಿದ್ದೆ, ಸೈಕಲ್ ನನ್ನ ಮೇಲೆ ಬಿತ್ತು. ಕ್ಯಾರಿಯರಿನಿಂದ ಹಾರಿದ ಟಿಫಿನ್ ಡಬ್ಬಿ ರಸ್ತೆ ಕಡೆಗೆ ಉರುಳಿತ್ತು. ಟ್ರೈಲರಿನ ಕೊನೇ ಚಕ್ರ ಅದನ್ನು ಅಪ್ಪಚ್ಚಿ ಮಾಡಿ ಹೋಗಿತ್ತು.

ಪೆಟ್ಟಿಗೆ ಅಂಗಡಿಯವರು ಓಡಿಬಂದು ಎತ್ತಿದರು, ನೀರು ಕೊಟ್ಟರು. ಆಮೇಲೆ ಅವರು ಅಂದದ್ದು: “ಯಾಕ್ ಮೇಷ್ಟ್ರೇ ಈ ವಯಸ್ಸಲ್ಲಿ ಸೈಕಲ್ಲು? ಒಂದು ಸ್ಕೂಟಿ ತಗೊಬಾರ್ದಾ?”

ಆ ಟ್ರ್ಯಾಕ್ಟರ್ ಹುಡುಗನನ್ನು ಹಿಡಿದು ನಾಲ್ಕು ತಟ್ಟಿದರೆ ಸರಿಹೋಗುವ ವಿಷಯ ಇದಲ್ಲ. ಕಬ್ಬು ಸಾಗಿಸುವ ಬಾಡಿಗೆ ಟನ್ನಿನ ಲೆಕ್ಕ. ಹೆಚ್ಚು ಹೇರಿದಷ್ಟೂ ಹೆಚ್ಚು ದುಡ್ಡು. ಕಡಿದ ಕಬ್ಬು ಬಿಸಿಲಿಗೆ ಒಣಗಿದರೆ ತೂಕ ಕಳೆದುಕೊಳ್ಳುತ್ತದೆ, ಆ ನಷ್ಟ ರೈತನದು. ಹಾಗಾಗಿ ಗದ್ದೆಯಲ್ಲೂ ಅವಸರ, ರಸ್ತೆಯಲ್ಲೂ ಅವಸರ. ಹಿಂದೆ ರೇಡಿಯಂ ಪಟ್ಟಿ ಇಲ್ಲದ, ಒಂದು ಕೆಂಪು ದೀಪವೂ ಉರಿಯದ ಟ್ರೈಲರುಗಳು ಕತ್ತಲಾದ ಮೇಲೂ ಓಡುತ್ತವೆ.

ಕಾನೂನು ಇಲ್ಲವೇ ಅಂದರೆ, ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194(1ಎ) ಕಲಂ ಪ್ರಕಾರ, ಹೇರಿದ ಸರಕು ವಾಹನದ ಮೈಯಿಂದ ಪಕ್ಕಕ್ಕೆ ಚಾಚಿಕೊಂಡರೆ 20,000 ರೂಪಾಯಿ ದಂಡ. ಹೆಚ್ಚಿನ ಸರಕನ್ನು ಇಳಿಸುವ ಖರ್ಚೂ ವಾಹನದವರದೇ. ಇದನ್ನು ಜಾರಿ ಮಾಡಲು ಪೊಲೀಸರು ಜೀಪಿನಲ್ಲಿ ಊರೂರು ಅಲೆಯಬೇಕಾಗಿಯೂ ಇಲ್ಲ. ಕಬ್ಬಿನ ಪ್ರತಿ ಗಾಡಿಯೂ ಕೊನೆಗೆ ಹೋಗಿ ನಿಲ್ಲುವುದು ಕಾರ್ಖಾನೆಯ ವೇಬ್ರಿಡ್ಜ್ ಮೇಲೆ, ಟೋಕನ್ ಹಿಡಿದು, ಸರತಿಯಲ್ಲಿ. ಅಲ್ಲಿ ಒಬ್ಬ ಮೋಟಾರು ವಾಹನ ನಿರೀಕ್ಷಕರು ಟೇಪು ಹಿಡಿದು ಒಂದು ವಾರ ಕೂತರೆ ಸಾಕು. ಅಗಲ ಮೀರಿದ, ರೇಡಿಯಂ ಇಲ್ಲದ ಗಾಡಿಗೆ ಮರುದಿನದ ಟೋಕನ್ ಇಲ್ಲ ಎಂದು ಕಾರ್ಖಾನೆಗಳಿಂದ ಬರೆಸಿಕೊಳ್ಳಿ. ಹತ್ತು ದಿನದಲ್ಲಿ ರಸ್ತೆ ಬೇರೆಯಾಗುತ್ತದೆ.

ಇನ್ನು ಆ ಅರ್ಧ ಅಡಿ ತಗ್ಗಿನ ಮಾತು. ಹಳೇ ಡಾಂಬರಿನ ಮೇಲೆ ಹೊಸ ಡಾಂಬರು, ಅದರ ಮೇಲೆ ಇನ್ನೊಂದು ಪದರ. ಅಂಚಿಗೆ ಗ್ರಾವೆಲ್ ತುಂಬುವ ಕೆಲಸ ಮಾತ್ರ ಬಿಲ್ಲಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಕಾರಿನವರಿಗೆ ಅದು ಕಾಣುವುದೂ ಇಲ್ಲ. ಸೈಕಲ್ಲಿನವನಿಗೆ ಜೀವ ಉಳಿಸಿಕೊಳ್ಳಲು ಇರುವುದೇ ಆ ಅಂಚು. ಸೈಕಲ್ ಪಥ ಹೇಗಿರಬೇಕು, ಎಷ್ಟು ಅಗಲ ಇರಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ 1962ರಲ್ಲೇ ಮಾರ್ಗಸೂಚಿ ಬರೆದಿಟ್ಟಿದೆ. ಅದೆಲ್ಲ ನಮ್ಮ ಹಳ್ಳಿ ರಸ್ತೆಗೆ ದೊಡ್ಡ ಮಾತಾಯಿತು, ಬಿಡಿ. ನಾನು ಕೇಳುತ್ತಿರುವುದು ಎರಡೂ ಪಕ್ಕದಲ್ಲಿ ಮಣ್ಣು ತುಂಬಿ ಮಟ್ಟ ಮಾಡಿಸಿ ಎಂದಷ್ಟೇ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಲೋಪ ಮಾಡಿ ಸಾವುನೋವಿಗೆ ಕಾರಣರಾದ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದೆಂದು ಅದೇ ಕಾಯ್ದೆಯ 198ಎ ಕಲಂ ಹೇಳುತ್ತದೆ. ಈ ಜಿಲ್ಲೆಯಲ್ಲಿ ಆ ಕಲಂ ಎಷ್ಟು ಸಲ ಬಳಕೆಯಾಗಿದೆ? ಉತ್ತರವನ್ನು ಪತ್ರಿಕೆಗೇ ಕೊಡಿ, ಎಲ್ಲರೂ ಓದಲಿ.

ಹೆದ್ದಾರಿಯ ಕಥೆ ಬೇರೆ. ಕೋಯಿಕ್ಕೋಡಿನಿಂದ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ನಂಜನಗೂಡನ್ನೂ ಹಾಯುತ್ತದೆ, ಮೈಸೂರು ಸುತ್ತಿ ತಿ.ನರಸೀಪುರವನ್ನೂ ಹಾಯುತ್ತದೆ. ಅದೇ ಹೆದ್ದಾರಿ ಹಾಯುವ ಬಂಡೀಪುರ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಲಾರಿಗಳನ್ನು ಬಿಡುವುದಿಲ್ಲ. ಆ ನಿರ್ಬಂಧ ಬೇಕೇ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂಬತ್ತರೊಳಗೆ ಚೆಕ್‌ಪೋಸ್ಟ್ ದಾಟಬೇಕೆಂಬ ಧಾವಂತವೆಲ್ಲ ಸಂಜೆ ನಂಜನಗೂಡಿನ ರಸ್ತೆಯ ಮೇಲೆ ಬಂದು ಬೀಳುತ್ತದೆ. ಕೈಗಾರಿಕಾ ಪ್ರದೇಶದಿಂದ, ತಾಂಡವಪುರದ ಕಡೆಯಿಂದ ಕೂಲಿ ಮುಗಿಸಿದವರು ಸೈಕಲ್ ತುಳಿದುಕೊಂಡು ಮನೆಗೆ ಹೋಗುವುದೂ ಅದೇ ಹೊತ್ತಿನಲ್ಲಿ. ಕಾಡಿನ ಪ್ರಾಣಿಗೆ ಹೊತ್ತು ಗೊತ್ತುಮಾಡಿ ರಕ್ಷಣೆ ಕೊಟ್ಟ ಆಡಳಿತ ಇವರಿಗೂ ಸಂಜೆಯ ಎರಡು ಗಂಟೆ ವೇಗಮಿತಿ ತಂದು, ಅದನ್ನು ಪಾಲಿಸುವಂತೆ ನೋಡಿಕೊಂಡರೆ ಏನು ಕಳೆದುಕೊಳ್ಳುತ್ತದೆ?

2023ರ ಮೇ 29ರಂದು ತಿ.ನರಸೀಪುರ ತಾಲ್ಲೂಕಿನ ಕುರುಬೂರು ಬಳಿ ಕಾರು ಮತ್ತು ಖಾಸಗಿ ಬಸ್ಸಿನ ಡಿಕ್ಕಿಯಲ್ಲಿ ಹತ್ತು ಜನ ಸತ್ತರು. ಹೆಚ್ಚಿನವರು ಬಳ್ಳಾರಿ ಕಡೆಯಿಂದ ಪ್ರವಾಸ ಬಂದವರು. ಪರಿಹಾರ ದಿಲ್ಲಿಯಿಂದಲೂ ಘೋಷಣೆಯಾಯಿತು. ಆದರೆ ಒಬ್ಬೊಬ್ಬರಾಗಿ ಸಾಯುವ ಸೈಕಲ್ ಸವಾರರಿಗೆ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು ಸಿಕ್ಕರೆ ಹೆಚ್ಚು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಐದು ಸಾವಿರದ ಹತ್ತಿರ ಸೈಕಲ್ಲಿನವರು.

ಈ ಸೈಕಲ್ಲುಗಳನ್ನು ಬೀದಿಗೆ ತಂದವರು ಯಾರು? 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಟ್ಟಿತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತರೂ ಅಕ್ಕನ ಸೈಕಲ್ ತುಳಿದು ಬರುವ ತಂಗಿಯರು ನನ್ನ ಶಾಲೆಯಲ್ಲಿ ಈಗಲೂ ಇದ್ದಾರೆ. ಇಲ್ಲಿಂದ ಕೂಗಳತೆಯ ಮೈಸೂರಿಗೆ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಯೋಜನೆ ಬಂತು. ಒಳ್ಳೆಯದೇ ಆಯಿತು. ನಮ್ಮ ಕಡೆಗೆ ಪ್ರಭಾವಿಗಳ ಕೊರತೆಯಿದೆ ಎಂದೂ ಹೇಳುವಂತಿಲ್ಲ. ಸಿದ್ದರಾಮಯ್ಯನವರನ್ನು ವಿಧಾನಸಭೆಗೆ ಕಳಿಸಿದ ವರುಣ ಕ್ಷೇತ್ರದಲ್ಲಿ ನಂಜನಗೂಡು, ತಿ.ನರಸೀಪುರ ಎರಡೂ ತಾಲ್ಲೂಕಿನ ಊರುಗಳಿವೆ. 2013ರಿಂದ 2018ರವರೆಗೆ ರಾಜ್ಯದ ಲೋಕೋಪಯೋಗಿ ಖಾತೆಯನ್ನು ನೋಡಿಕೊಂಡವರು ತಿ.ನರಸೀಪುರದ ಶಾಸಕರು. ಆದರೂ ಹೆದ್ದಾರಿ ಕೇಂದ್ರದ್ದು, ರಸ್ತೆ ಲೋಕೋಪಯೋಗಿಯದ್ದು, ಟ್ರ್ಯಾಕ್ಟರ್ ಆರ್‌ಟಿಒದ್ದು ಎಂದು ಪಾಲು ಹಂಚಿಕೊಂಡಾಗ ಪೊದೆಯಲ್ಲಿ ಬಿದ್ದವನು ಯಾರಿಗೂ ಸೇರುವುದಿಲ್ಲ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸುವ ಅಧಿಕಾರ ಇರುವುದು ನಿಮ್ಮ ಸಮಿತಿಗೆ. ಕೊಯಮತ್ತೂರಿನ ಮೂಳೆವೈದ್ಯ ಎಸ್. ರಾಜಶೇಖರನ್ ಅವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆ ಜಿಲ್ಲೆಯಲ್ಲೂ ಇಂಥ ಸಮಿತಿ ಇರಬೇಕೆಂದು ಹೇಳಿದ್ದು ಅದಕ್ಕಾಗಿಯೇ. ನಿಮಗೇ ಬರೆಯುತ್ತಿರುವುದೂ ಅದಕ್ಕೇ.

ಇಲ್ಲಿನ ಕಾರ್ಖಾನೆಗಳಲ್ಲಿ ಕೆಲಸಕ್ಕಿರುವ ನನ್ನ ಹಳೇ ವಿದ್ಯಾರ್ಥಿಗಳು ‘ನಿಯರ್ ಮಿಸ್’ ಎಂಬ ಕಾರ್ಡ್ ಬರೆಯುತ್ತಾರೆ. ಮೇಲಿನಿಂದ ಒಂದು ಸ್ಪ್ಯಾನರ್ ಬಿದ್ದು ಯಾರಿಗೂ ತಗುಲದಿದ್ದರೂ ಕಾರ್ಡ್ ಬರೆಯಬೇಕು. ಏಕೆ ಬಿತ್ತು ಎಂದು ವಿಚಾರಣೆಯಾಗಬೇಕು. ಗೇಟಿನೊಳಗೆ ಸ್ಪ್ಯಾನರಿಗಿರುವ ಬೆಲೆ ಗೇಟಿನಾಚೆ ಅದೇ ಕಾರ್ಮಿಕನ ತಲೆಗಿಲ್ಲ. ಗುದ್ದಿ ಓಡಿಹೋದ ವಾಹನದಿಂದ ಸತ್ತರೆ ಎರಡು ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ಎಂದು ಕಾಯ್ದೆ ದರ ಕಟ್ಟಿದೆ. ತಪ್ಪಿಸಿಕೊಂಡವನಿಗೆ ದುಡ್ಡು ಬೇಡ ಸ್ವಾಮಿ, ಪೊಲೀಸ್ ಠಾಣೆಯ ಪುಸ್ತಕದಲ್ಲಿ ಒಂದು ಸಾಲು ಬೇಕು. ಯಾವ ಜಾಗ, ಎಷ್ಟು ಹೊತ್ತು, ಎಂಥ ವಾಹನ. ಅಷ್ಟು ಬರೆದುಕೊಂಡರೂ ಹತ್ತನೇ ಹೆಣಕ್ಕೆ ಕಾಯದೆ ನಿಮ್ಮ ಪಟ್ಟಿ ತಯಾರಾಗುತ್ತದೆ.

ಮುಂದಿನ ಹಂಗಾಮಿಗೆ ಕಬ್ಬು ನುರಿಸಲು ಶುರುಮಾಡುವ ಮೊದಲು ಸಮಿತಿಯ ಸಭೆ ಕರೆಯಿರಿ. ವೇಬ್ರಿಡ್ಜ್ ತಪಾಸಣೆ, ರಸ್ತೆಯಂಚಿನ ಮಣ್ಣು, ಸಂಜೆಯ ವೇಗ, ಠಾಣೆಯ ಆ ಪುಸ್ತಕ ಇವಿಷ್ಟನ್ನು ಕಾರ್ಯಸೂಚಿಗೆ ಸೇರಿಸಿ. ಸಭೆಗೆ ಸೈಕಲ್ ತುಳಿಯುವ ಇಬ್ಬರು ಕಾರ್ಮಿಕರನ್ನೂ ಒಬ್ಬ ವಿದ್ಯಾರ್ಥಿನಿಯನ್ನೂ ಕರೆಸಿ ಮಾತಾಡಿಸಿ. ನಡಾವಳಿಯ ಪ್ರತಿಯನ್ನು ಎರಡೂ ತಾಲ್ಲೂಕು ಕಚೇರಿಗಳ ನೋಟಿಸ್ ಬೋರ್ಡಿಗೆ ಹಾಕಿಸಿ, ನಾವು ಓದಿಕೊಳ್ಳುತ್ತೇವೆ.

ಇಂತಿ,
ನಂಜನಗೂಡು ತಾಲ್ಲೂಕಿನ ಒಬ್ಬ ಹೈಸ್ಕೂಲ್ ಮೇಷ್ಟರು