ಎಚ್ಚರದ ಹಾಡಿಗೆ ಕನಸಿನ ಹಣೆಪಟ್ಟಿ

ಮಗಳು ಎರಡು ವರ್ಷದವಳಿದ್ದಾಗ ಅವಳನ್ನು ಮಲಗಿಸಲು ಪ್ರತಿ ರಾತ್ರಿ ಮೊಬೈಲಿನಲ್ಲಿ ಐಸ್‌ಲ್ಯಾಂಡಿನ ಒಂದು ಜೋಗುಳ ಹಾಕುತ್ತಿದ್ದೆ. ಮೆಲ್ಲಗಿನ ಗಿಟಾರು, ಮಂಜಿನೊಳಗಿಂದ ಬಂದಂಥ ಹೆಣ್ಣುದನಿ. ‘ಕೇಳಿ, ಕನಸಿನಂತಿದೆ’ ಎಂದು ಗೆಳೆಯರಿಗೂ ಕಳಿಸಿದ್ದೆ. ಭಾಷೆ ಒಂದಕ್ಷರವೂ ತಿಳಿಯದು. ತಿಳಿಯದಿರುವುದೇ ಸೊಗಸು ಅಂದುಕೊಂಡಿದ್ದೆ.

ಒಂದು ದಿನ ಆ ಹಾಡಿನ ಮೂಲ ಹುಡುಕಿದೆ. ಅದು ಯೋಹಾನ್ ಸಿಗುರ್‌ಯೋನ್ಸನ್ ಬರೆದ 1911ರ ನಾಟಕದ್ದು. ಕಾನೂನಿಗೆ ತಲೆಮರೆಸಿಕೊಂಡು ಬೆಟ್ಟಗಳಲ್ಲಿ ಬದುಕುವ ಹಾಲಾ ಎಂಬ ತಾಯಿ ಅದನ್ನು ತನ್ನ ಮಗುವಿಗೆ ಹಾಡುತ್ತಾಳೆ. ಬೆನ್ನಟ್ಟಿದವರು ಹತ್ತಿರ ಬಂದಾಗ ಅದೇ ಮಗುವನ್ನು ಜಲಪಾತಕ್ಕೆ ಎಸೆಯುತ್ತಾಳೆ. ಆ ರಾತ್ರಿ ಹಾಡು ಹಾಕಲು ನನಗೆ ಕೈ ಬರಲಿಲ್ಲ.

ಅಂದಿನಿಂದ ಐಸ್‌ಲ್ಯಾಂಡಿನ ಹಾಡುಗಳನ್ನು ಯಾರಾದರೂ ‘ಕನಸಿನಂಥವು’ ಎಂದರೆ ಸಿಟ್ಟು ಬರುತ್ತದೆ. ಅದು ಹೊಗಳಿಕೆಯ ವೇಷ ತೊಟ್ಟ ಸೋಮಾರಿತನ. ಮೊದಲ ಸೋಮಾರಿ ನಾನೇ.

ಆ ನಾಡಿನ ಹಾಡಿಕೆ ಬೆಳೆದದ್ದು ‘ಕ್ವೋಲ್ಡ್‌ವಾಕಾ’ದಲ್ಲಿ. ಆ ಪದದ ಅರ್ಥವೇ ಸಂಜೆಯ ಎಚ್ಚರ. ಚಳಿಗಾಲದ ಮುಗಿಯದ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದರು, ನೂಲುತ್ತಿದ್ದರು, ಹೆಣೆಯುತ್ತಿದ್ದರು. ಒಬ್ಬರು ಕತೆ ಓದುವರು, ಇಲ್ಲವೇ ‘ರೀಮುರ್’ ಎಂಬ ಪ್ರಾಸಬದ್ಧ ಕಥನಕಾವ್ಯ ಹಾಡುವರು. ಕೈ ನಿಲ್ಲಬಾರದು, ಕಣ್ಣು ಮುಚ್ಚಬಾರದು. ನಮ್ಮ ಬೀಸುವ ಕಲ್ಲಿನ ಪದವನ್ನು ಯಾರೋ ಹೊರಗಿನವರು ‘ಆಹಾ, ನಿದ್ದೆ ಬರುತ್ತದೆ’ ಎಂದು ಮೆಚ್ಚಿದರೆ ಬೀಸಿದವಳಿಗೆ ಹೇಗನ್ನಿಸೀತು?

ಮಂಜು ಕವಿದಂತೆ ಕೇಳುವುದಕ್ಕೂ ಕಾರಣವಿದೆ. ‘ತ್ವೀಸೋಂಗುರ್’ ಎಂಬ ಹಳೆಯ ಜೋಡಿಹಾಡಿಕೆಯಲ್ಲಿ ಎರಡು ಕಂಠಗಳು ಷಡ್ಜ-ಪಂಚಮದ ಅಂತರದಲ್ಲಿ ಜೊತೆಜೊತೆಗೆ ಸಾಗಿ, ನಡುವೆ ಒಂದನ್ನೊಂದು ದಾಟುತ್ತವೆ. ನಡುವೆ ಗಾಂಧಾರದ ಆಸರೆ ಇಲ್ಲ. ಆ ಬರಿದನ್ನು ನಾವು ಕನಸು ಎಂದು ಕರೆದೆವು. ಸಿಗ್ಲುಫ್ಯೋರ್ದುರ್ ಎಂಬ ಊರಿನ ಪಾದ್ರಿ ಬ್ಯಾರ್ನಿ ಥೋರ್ಸ್ಟೇನ್ಸನ್ ಇಂಥ ಹಾಡುಗಳನ್ನು ವರ್ಷಗಟ್ಟಲೆ ಕಲೆಹಾಕಿ 1906ರಿಂದ 1909ರವರೆಗೆ ಅಚ್ಚು ಹಾಕಿಸಿದರು. ನಿದ್ದೆಯ ಮದ್ದಿಗಾಗಿ ಯಾರೂ ಅಷ್ಟು ಪಾಡು ಪಡುವುದಿಲ್ಲ.

‘ಸಿಗುರ್ ರೋಸ್ ತಂಡದವರೇ ಅರ್ಥವಿಲ್ಲದ ಪದ ಕಟ್ಟಿ ಹಾಡುತ್ತಾರಲ್ಲ, ಕನಸು ಅವರೇ ಕೊಟ್ಟದ್ದಲ್ಲವೇ?’ ಎನ್ನುವವರಿದ್ದಾರೆ. ನಿಜ. ಆದರೆ ಅದೇ ತಂಡ ಮೀನುಗಾರ ಸ್ಟೇನ್‌ದೋರ್ ಆಂಡರ್ಸನ್ ಜೊತೆ ಕೂತು ರೀಮುರ್ ಮುದ್ರಿಸಿ 2001ರಲ್ಲಿ ಹೊರತಂದಿತು. ಅದನ್ನು ಕೇಳಿ ನೋಡಿ. ಎದುರಿಗೆ ಕೂತು ಕತೆ ಹೇಳುವವನ ಗಟ್ಟಿ ದನಿ ಅದು, ನೀವು ತೂಕಡಿಸಿದರೆ ತಟ್ಟಿ ಎಬ್ಬಿಸುವಂಥದ್ದು.

ಸಂಗೀತ ಭಾಷೆಯ ಗಡಿ ದಾಟುತ್ತದೆ, ಒಪ್ಪುತ್ತೇನೆ. ಆದರೆ ಗಡಿ ದಾಟಿ ಮನೆಗೆ ಬಂದವರ ಕಷ್ಟಸುಖ ಕೇಳದೆ, ನಿಮ್ಮ ಮುಖ ಎಷ್ಟು ಚೆಂದ ಎಂದಷ್ಟೇ ಹೇಳಿ ಕಳಿಸುವುದು ಯಾವ ಸೀಮೆಯ ಆದರ?

ಮಗಳಿಗೆ ಈಗ ಏಳು ವರ್ಷ. ಮೊನ್ನೆ, ‘ಆ ಹಾಡು ಎಲ್ಲಿ ಹೋಯ್ತು?’ ಎಂದಳು. ಇನ್ನೂ ಸ್ವಲ್ಪ ದೊಡ್ಡವಳಾಗು, ಅದರ ಕತೆ ಹೇಳಿ ಆಮೇಲೆ ಕೇಳಿಸುತ್ತೇನೆ ಎಂದೆ.