ಹೊಸ ಮಾತಿಗೂ ಕಿವಿಯಿರಲಿ



1944ರಲ್ಲಿ ಪೆಸಿಫಿಕ್ ಸಮರರಂಗದಲ್ಲಿ ಪಿ-38 ವಿಮಾನಗಳನ್ನು ನಡೆಸುತ್ತಿದ್ದ ಅಮೆರಿಕದ ತರುಣ ಚಾಲಕರಿಗೆ ಚಾರ್ಲ್ಸ್ ಲಿಂಡ್‌ಬರ್ಗ್ ವಿಚಿತ್ರವೆನಿಸುವ ಸಲಹೆಯೊಂದನ್ನು ನೀಡಿದರು. ಎಂಜಿನ್ನಿನ ಸುತ್ತುಗಳನ್ನು ತಗ್ಗಿಸಿ, ಒಳಗಾಳಿಯ ಒತ್ತಡವನ್ನು ಏರಿಸಿ, ಅದರೊಡನೆ ಬೆರೆಯುವ ಇಂಧನವನ್ನು ಕಡಿಮೆ ಮಾಡಿ ಹಾರಿರಿ ಎಂಬುದೇ ಅದು. ಎಂಜಿನ್ ಕೆಟ್ಟೀತೆಂದು ಹಲವರು ಅಂಜಿದರು. ಕಡಲ ಮೇಲೆ ಹಾರುವವರಿಗೆ ಆ ಅಂಜಿಕೆ ಸಹಜವೇ. ಲಿಂಡ್‌ಬರ್ಗ್ ತಾವೇ ಅವರೊಡನೆ ಹಾರಿ ತೋರಿಸಿದರು. ಮರಳಿದಾಗ ಅವರ ಟ್ಯಾಂಕಿನಲ್ಲಿ ಇತರರಿಗಿಂತ ಹೆಚ್ಚು ಇಂಧನ ಉಳಿದಿರುತ್ತಿತ್ತು. ಚಾಲಕರು ಆ ವಿಧಾನವನ್ನು ಕಲಿತರು. ವಿಮಾನಗಳು ಮೊದಲಿಗಿಂತ ಬಹುದೂರ ಹೋಗಿ ಬರತೊಡಗಿದವು.

ಕೇಳಿದ ಮಾತನ್ನು ಕೂಡಲೇ ನಂಬುವುದೂ ಬೇಡ, ತಳ್ಳುವುದೂ ಬೇಡ. ಒರೆಗೆ ಹಚ್ಚಿ ನೋಡೋಣ. ಅನುಭವ ಮಂಟಪದ ಪರಂಪರೆಯವರಾದ ನಮಗೆ ಇದು ಹೊಸ ಪಾಠವಲ್ಲ. ಮನೆಯ ಕಿರಿಯರು ಬೇರೊಂದು ದಾರಿ ತೋರಿದಾಗ, ‘ಹಿಂದೆ ಹೀಗಿರಲಿಲ್ಲ’ ಎಂಬುದಷ್ಟೇ ನಮ್ಮ ಉತ್ತರವಾಗದಿರಲಿ.