ಗೋಷ್ಠಿಯಲ್ಲಿ ಮರುಮಾತು

ಹಲವು ವಿದ್ವಾಂಸರು ಒಂದೇ ವೇದಿಕೆಯಲ್ಲಿ ಕುಳಿತು ಒಂದು ವಿಷಯವನ್ನು ಪರಾಮರ್ಶಿಸುವ ಸಭೆಗೆ ವಿಚಾರಗೋಷ್ಠಿಯೆಂದು ಹೆಸರು. ಭಾಷಣಮಾಲೆಗೂ ಅದಕ್ಕೂ ಇರುವ ಅಂತರ ಒಂದೇ: ಗೋಷ್ಠಿಯಲ್ಲಿ ಮಾತಿಗೆ ಮರುಮಾತಿರಬೇಕು. 12ನೆಯ ಶತಮಾನದ ಶರಣರ ಸಂವಾದಗಳನ್ನು ಚಿತ್ರಿಸುವ, 15ನೆಯ ಶತಮಾನದಲ್ಲಿ ಸಂಕಲಿತವಾದ ‘ಶೂನ್ಯಸಂಪಾದನೆ’ಯನ್ನು ನೋಡಬಹುದು. ಅಲ್ಲಿ ಅಲ್ಲಮಪ್ರಭುವು ಅಕ್ಕಮಹಾದೇವಿಯನ್ನು ಹೊಗಳಿ ಬರಮಾಡಿಕೊಳ್ಳದೆ ನಿಷ್ಠುರವಾದ ಪ್ರಶ್ನೆಗಳನ್ನು ಕೇಳುತ್ತಾನೆ. ಆಕೆ ಅವುಗಳಿಗೆ ನಿರ್ಭಯಳಾಗಿ ಉತ್ತರ ಕೊಡುತ್ತಾಳೆ. ಆತನ ಮೆಚ್ಚುಗೆ ದೊರೆಯುವುದು ಆಮೇಲೆ.

ಈಗಿನ ಗೋಷ್ಠಿಗಳಲ್ಲಿ ಮೊದಲು ಬಲಿಯಾಗುವುದು ಈ ಮರುಮಾತೇ. ಒಂದೂವರೆ ಗಂಟೆಯ ಗೋಷ್ಠಿಯೆಂದು ಇಟ್ಟುಕೊಳ್ಳೋಣ. ಮೂವರು ಪ್ರಬಂಧಕಾರರಿಗೆ ತಲಾ 20 ನಿಮಿಷ. ಉಳಿದ 30 ನಿಮಿಷ ಸಭಿಕರ ಪ್ರಶ್ನೆಗಳಿಗೆ. ಒಬ್ಬೊಬ್ಬರೂ ಹತ್ತೇ ನಿಮಿಷ ಹೆಚ್ಚು ತೆಗೆದುಕೊಂಡರೆ ಸಭಿಕರ ಪಾಲು ಮುಗಿದೇ ಹೋಯಿತು! ಪರರ ಸೊತ್ತನ್ನು ಅಪಹರಿಸಿದಂತೆಯೇ ಸರಿ.

ಅದನ್ನು ಕಾಯಬೇಕಾದವರು ಅಧ್ಯಕ್ಷರು. ಅವರು ಪ್ರಬಂಧಗಳನ್ನು ಮುಂಚಿತವಾಗಿಯೇ ಓದಿಕೊಂಡಿರಬೇಕು. ಕಾಲ ಮೀರಿದಾಗ, ಮಾತನಾಡುತ್ತಿರುವವರು ಎಂಥ ಹಿರಿಯರೇ ಆಗಿರಲಿ, ಚೀಟಿ ಕಳುಹಿಸಲು ಹಿಂಜರಿಯಬಾರದು. ಇಲ್ಲಿ ದಾಕ್ಷಿಣ್ಯಕ್ಕೆ ಸ್ಥಾನವಿಲ್ಲ. ಸಮಯಾಭಾವದಿಂದ ಪ್ರಶ್ನೆಗಳಿಗೆ ಅವಕಾಶವಿಲ್ಲವೆಂದು ಸಾರಿ, ತಾವು ಮಾತ್ರ ಅರ್ಧ ಗಂಟೆ ಉಪಸಂಹಾರ ಮಾಡುವ ಅಧ್ಯಕ್ಷರೂ ಉಂಟು!

ಸಭಿಕರೂ ನಿರ್ದೋಷಿಗಳೇನಲ್ಲ. ಪ್ರಶ್ನೆಯ ನೆಪದಲ್ಲಿ ತಮ್ಮದೇ ಒಂದು ಭಾಷಣವನ್ನು ಬಿಗಿಯುವವರು ಅವರಲ್ಲಿ ಹಲವರು. ಅಂಥವರು ಮುಗಿಸುವ ಹೊತ್ತಿಗೆ ವಂದನಾರ್ಪಣೆ ಆರಂಭವಾಗಿರುತ್ತದೆ. ಕೊನೆಯ ಸಾಲಿನಲ್ಲಿ ಬಹಳ ಹೊತ್ತಿನಿಂದ ಕೈಯೆತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಪ್ರಶ್ನೆ ಬರೆದುಕೊಂಡ ಹಾಳೆಯನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾಳೆ.